ಸೆನ್ಸರ್ ಬದಲಾಯಿತು, ಸೊನ್ನೆ ಹೋಗಲಿಲ್ಲ: ದಾವಣಗೆರೆಯ ಒಂದು ಮೀಟರ್ ಪ್ರಕರಣ

ಬೈಕಿನ ಸ್ಪೀಡೋಮೀಟರ್ ಕೆಟ್ಟರೆ ಎಷ್ಟೋ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಡಿ ಓಡುತ್ತೆ, ಬ್ರೇಕ್ ಹಿಡಿಯುತ್ತೆ, ಅಷ್ಟು ಸಾಕು ಅಂತ ಸುಮ್ನೆ ಓಡಿಸುತ್ತಾರೆ. ಈ ಪ್ರಕರಣದ ಗಾಡಿ ಮಾಲೀಕ ಹಾಗೆ ಇರುವಂತಿರಲಿಲ್ಲ. ಅವನ ತಿಂಗಳ ಆದಾಯದ ಒಂದು ಭಾಗ ಆ ಮೀಟರಿನ ಅಂಕಿಯ ಮೇಲೆ ನಿಂತಿತ್ತು.

ಅವನ ಹೆಸರು, ಅವನು ಕೆಲಸ ಮಾಡುವ ಕಂಪನಿ, ಗಾಡಿಯ ಬ್ರ್ಯಾಂಡ್, ನಡುವೆ ಕೈ ಹಾಕಿದ ಅಂಗಡಿಗಳು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಇದೇ ರೀತಿಯ ತೊಂದರೆ ಈ ಜೋಡಣೆ ಇರುವ ಯಾವ ಗಾಡಿಗೂ ಬರಬಹುದು. ನನ್ನದು ಗಾಡಿಗಳ ವೈರಿಂಗ್ ಕೆಲಸ. ಗಾಡಿ ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಮೂರು ಕಡೆ ಹೋಗಿ ಬಂದಿತ್ತು.

ಗಾಡಿ ಮತ್ತು ಮಾಲೀಕ

ಮಾಲೀಕ ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸದವನು. ಮನೆ ದಾವಣಗೆರೆಯಲ್ಲಿ. ತಿರುಗಾಟ ಬಿಳಿಚೋಡು, ಜಗಳೂರು ಕಡೆಗೆ, ಕೆಲವು ದಿನ ಭರಮಸಾಗರದ ಸುತ್ತ. ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಸೀಮೆ. ಬಿತ್ತನೆ ಕಾಲ ಬಂತೆಂದರೆ ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು ಓಡಾಟ. ಬೆಳಗ್ಗೆ ಹೊರಡುವಾಗ ಒಂದು ಸಲ, ಸಂಜೆ ಮನೆ ಸೇರಿದ ಮೇಲೆ ಒಂದು ಸಲ ಓಡೋಮೀಟರಿನ (ಗಾಡಿ ಒಟ್ಟು ಓಡಿದ ದೂರ ತೋರಿಸುವ ಅಂಕಿ) ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಎರಡರ ನಡುವಿನ ವ್ಯತ್ಯಾಸಕ್ಕೆ ಪೆಟ್ರೋಲ್ ಭತ್ಯೆ.

ಗಾಡಿ 2016ರ ಮಾಡೆಲ್. 150 ಸಿಸಿ, ಕಾರ್ಬೊರೇಟರ್, ಡಿಜಿಟಲ್ ಮೀಟರ್. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇಲ್ಲ. ಎಬಿಎಸ್ ಇಲ್ಲ ಅನ್ನುವುದನ್ನು ಗಮನದಲ್ಲಿಡಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಗಾಡಿಗಳಿಗೆ ಅದು ಕಡ್ಡಾಯವಾಯಿತು. ಅಂಥ ಎಷ್ಟೋ ಗಾಡಿಗಳಲ್ಲಿ ವೇಗದ ಲೆಕ್ಕ ಎಬಿಎಸ್ ಸೆನ್ಸರಿನಿಂದಲೇ ಮೀಟರಿಗೆ ಹೋಗುತ್ತದೆ. ಆ ಸೆನ್ಸರ್ ಕೆಟ್ಟರೆ ಎಬಿಎಸ್ ದೀಪವೂ ಹತ್ತಿಕೊಳ್ಳುತ್ತದೆ, ಹುಡುಕುವ ದಾರಿಯೇ ಬೇರೆ. ಇನ್ನು ಕೆಲವು ಗಾಡಿಗಳಲ್ಲಿ ಸೆನ್ಸರ್ ಗೇರ್‌ಬಾಕ್ಸ್ ಮೇಲೆ ಕೂತಿರುತ್ತದೆ. ಈ ಗಾಡಿಯಲ್ಲಿ ಅದು ಮುಂದಿನ ಚಕ್ರದ ಹಬ್‌ನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಎಡಗಡೆ ಇತ್ತು.

ಹಳೇ ಗಾಡಿಗಳಲ್ಲಿ ಅದೇ ಜಾಗದಲ್ಲಿ ಮೀಟರ್ ಗೇರ್ ಇರುತ್ತಿತ್ತು, ಅಲ್ಲಿಂದ ಕೇಬಲ್ ಮೇಲಕ್ಕೆ ಹೋಗುತ್ತಿತ್ತು. ಈಗ ಕೇಬಲ್ ಬದಲು ಮೂರು ಸಣ್ಣ ವೈರ್: ಸಪ್ಲೈ, ಅರ್ತ್, ಸಿಗ್ನಲ್. ಸೆನ್ಸರಿನ ಹೊರ ಕವಚ, ಅಂದರೆ ಹೌಸಿಂಗ್ ಒಳಗೆ ಚಕ್ರದ ಜೊತೆ ತಿರುಗುವ ಅಯಸ್ಕಾಂತದ ರಿಂಗ್ ಇರುತ್ತದೆ. ಅದರ ಪಕ್ಕ ಕದಲದೆ ಕೂತಿರುವುದು ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮದ ಮೇಲೆ ಇದು ಕೆಲಸ ಮಾಡುತ್ತದೆ. ಅಯಸ್ಕಾಂತ ಹತ್ತಿರ ಬಂದು ದೂರ ಹೋದ ಹಾಗೆಲ್ಲ ಸೆನ್ಸರ್ ಸಿಗ್ನಲ್ ವೈರನ್ನು ಅರ್ತ್‌ಗೆ ಮುಟ್ಟಿಸಿ ಬಿಡುತ್ತದೆ. ಮೀಟರ್ ಆ ಮಿಡಿತಗಳನ್ನು ಎಣಿಸುತ್ತದೆ, ವೇಗವನ್ನೂ ದೂರವನ್ನೂ ಅದರಿಂದಲೇ ಲೆಕ್ಕ ಹಾಕುತ್ತದೆ.

ಈ ಅಳತೆಯ 17 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 1.85 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಒಂಬತ್ತು ಸುತ್ತು. ಆ ವೇಗದಲ್ಲಿ ಒಂದು ಸೆಕೆಂಡ್ ಸಿಗ್ನಲ್ ತಪ್ಪಿದರೆ ಸುಮಾರು 17 ಮೀಟರ್ ಲೆಕ್ಕದಿಂದ ಹೋದಂತೆ. ಮಿಡಿತ ಬಾರದಿದ್ದರೆ ಮೀಟರಿನ ಪಾಲಿಗೆ ಗಾಡಿ ನಿಂತಿದೆ, ಅಷ್ಟೇ. ಆಮೇಲೆ ಅದನ್ನು ತುಂಬಿಕೊಳ್ಳುವ ದಾರಿ ಅದಕ್ಕಿಲ್ಲ.

ತೊಂದರೆ ಶುರುವಾದದ್ದು

ಮಳೆಗಾಲದ ಹೊತ್ತಿಗೆ ಶುರುವಾಯಿತು. ಓಡುತ್ತಿದ್ದ ಹಾಗೇ ಅಂಕಿ ಸೊನ್ನೆಗೆ ಬೀಳುವುದು, ಸ್ವಲ್ಪ ಹೊತ್ತಿಗೆ ತಾನೇ ಬರುವುದು. ಮೊದಮೊದಲು ದಿನಕ್ಕೊಮ್ಮೆ. ಬರಬರುತ್ತಾ ಜಾಸ್ತಿಯಾಯಿತು. ಉಳಿದದ್ದೆಲ್ಲ ಸರಿ ಇತ್ತು: ಪೆಟ್ರೋಲ್ ಗೇಜ್, ಆರ್‌ಪಿಎಂ, ಇಂಡಿಕೇಟರ್, ಹಾರ್ನ್.

ಅವನಿಗೆ ಬಿಸಿ ತಟ್ಟಿದ್ದು ಆಫೀಸಿನಿಂದ. ಮೇಲಿನವರು ಅವನ ಹಳ್ಳಿಗಳ ಪಟ್ಟಿ ಹಿಡಿದು ಫೋನಿನ ಮ್ಯಾಪ್‌ನಲ್ಲಿ ದೂರ ನೋಡಿದ್ದಾರೆ. ಮ್ಯಾಪ್‌ನಲ್ಲಿ ತೊಂಬತ್ತು ಇರುವ ದಾರಿಗೆ ಫೋಟೋದಲ್ಲಿ ಅರವತ್ತರ ಹತ್ತಿರ ಬರುತ್ತಿದೆ. ಅವರು ಮೀಟರ್ ಕೆಟ್ಟಿದೆ ಅಂತ ತಿಳಿಯಲಿಲ್ಲ. ಇವನು ಅರ್ಧ ಹಳ್ಳಿಗೆ ಹೋಗದೆಯೇ ಹೋಗಿದ್ದೇನೆ ಅಂತ ಬರೆಯುತ್ತಿದ್ದಾನೆ ಅಂತ ತಿಳಿದರು. ಭತ್ಯೆ ಹೋಗುವುದು ಒಂದು ಕಡೆ, ಸುಳ್ಳ ಅನ್ನಿಸಿಕೊಳ್ಳುವುದು ಇನ್ನೊಂದು ಕಡೆ. ಅವನು ಹಠ ಹಿಡಿದು ಗಾಡಿ ಹೊತ್ತು ಓಡಾಡಿದ್ದು ಎರಡನೆಯದಕ್ಕೆ.

ಮೊದಲು ಆದ ರಿಪೇರಿಗಳು

ಮೊದಲ ಅಂಗಡಿಯಲ್ಲಿ ತೀರ್ಮಾನ ಬೇಗ ಆಯಿತು. ಮಳೆಗಾಲ, ಕೆಸರು ರೋಡು, ಮೇಲಾಗಿ ಅವನು ಗಾಡಿ ನಿಲ್ಲಿಸುವುದು ಮಂಡಕ್ಕಿ ಭಟ್ಟಿಗಳ ಪಕ್ಕ. ಹೊಗೆ, ಮಸಿ, ನೀರು ಸೇರಿ ಕಪ್ಲರ್, ಅಂದರೆ ವೈರುಗಳನ್ನು ಸೇರಿಸುವ ಪ್ಲಗ್, ಹಿಡಿದಿದೆ ಅಂದರು. ಹೆಡ್‌ಲೈಟ್ ಡೂಮ್ (ದೀಪದ ಹೊರ ಕವಚ) ಬಿಚ್ಚಿ, ಕಪ್ಲರ್ ಎಳೆದು, ಕ್ಲೀನರ್ ಹೊಡೆದು, ಗ್ರೀಸ್ ಹಚ್ಚಿ ಮತ್ತೆ ಹಾಕಿದರು. ಮೀಟರ್ ಸರಿಯಾಯಿತು. ನಾಲ್ಕು ದಿನ ಚೆನ್ನಾಗಿಯೇ ಓಡಿ ಮತ್ತೆ ಸೊನ್ನೆ.

ಈ ನಾಲ್ಕು ದಿನ ಎಲ್ಲರ ದಾರಿ ತಪ್ಪಿಸಿತು. ಕಪ್ಲರ್ ತೊಳೆದ ಮೇಲೆ ಸರಿಹೋಯಿತು ಅಂದರೆ ಕಪ್ಲರಿನದೇ ತೊಂದರೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಆದರೆ ಡೂಮ್ ಬಿಚ್ಚಿ ಮುಚ್ಚುವಾಗ ಕಪ್ಲರ್ ಒಂದೇ ಅಲ್ಲ, ಅದಕ್ಕೆ ಬಂದ ವೈರೂ ಕದಲುತ್ತದೆ. ಸೆನ್ಸರ್ ವೈರ್ ಆಗ ಸ್ವಲ್ಪ ಸಡಿಲವಾಗಿ ಕೆಳಗೆ ಜಾರಿದೆ. ಸರಿಹೋದದ್ದು ಅದರಿಂದ. ಇದು ಗೊತ್ತಾದದ್ದು ಕೊನೆಯಲ್ಲಿ.

ಎರಡನೆಯ ಅಂಗಡಿಯವರು ಒಂದು ಹೆಜ್ಜೆ ಮುಂದೆ ಹೋದರು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಸೀಟಿನ ಮೇಲೆ ಒಬ್ಬರನ್ನು ಕೂರಿಸಿ, ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದರು. ಮೀಟರಿನಲ್ಲಿ ಏನೂ ಬರಲಿಲ್ಲ. ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು. ಹಾಕಿದ ಕೂಡಲೇ ಚಕ್ರ ತಿರುಗಿಸಿದರೆ ಅಂಕಿ ಬಂತು. ಮಾಲೀಕ ದುಡ್ಡು ಕೊಟ್ಟು ಸಮಾಧಾನವಾಗಿ ಮನೆಗೆ ಹೋದ. ಸುಮಾರು ಎರಡು ವಾರ ಕಳೆದ ಮೇಲೆ ಅದೇ ಕಥೆ.

ಈ ಅಂಗಡಿಯವರನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಅವರು ಮಾಡಿದ ಪರೀಕ್ಷೆ ಸರಿಯಾದದ್ದೇ. ಇನ್ನೊಂದು ಒಳ್ಳೇ ಕೆಲಸವನ್ನೂ ಮಾಡಿದ್ದರು: ಬಿಚ್ಚಿದ ಸೆನ್ಸರನ್ನು ಮಾಲೀಕನ ಕೈಗೇ ಕೊಟ್ಟಿದ್ದರು. ಅದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಮೂರನೆಯ ಕಡೆ, ಮತ್ತೆ ಚಕ್ರ ಎತ್ತಿ ತಿರುಗಿಸಿದಾಗ ಅಂಕಿ ಬಾರದ್ದನ್ನು ನೋಡಿ, ಸೆನ್ಸರ್ ಹೊಸದೇ ಇದೆ, ಹಾಗಾದರೆ ಮೀಟರೇ ಹೋಗಿದೆ ಅಂದರು. ಪೂರ್ತಿ ಮೀಟರ್ ಬದಲಾಯಿಸುವ ಲೆಕ್ಕ ಕೊಟ್ಟರು. ಹೊಸ ಮೀಟರ್ ಅಂದರೆ ಓಡೋಮೀಟರ್ ಸೊನ್ನೆಯಿಂದ ಶುರು. ಆಫೀಸಿನವರ ಅನುಮಾನ ಮೊದಲೇ ಇದೆ, ಈಗ ಮೀಟರನ್ನೇ ಬದಲಾಯಿಸಿದರೆ ಏನು ಹೇಳುವುದು? ಅದಕ್ಕೇ ಅವನು ತಡೆದು ನಿಂತ. ಆ ತಡೆ ಅವನ ದುಡ್ಡನ್ನು ಉಳಿಸಿತು.

ಮೀಟರಿನ ತಪ್ಪಲ್ಲ ಅಂತ ಗೊತ್ತಾದದ್ದು

ಜಾಸ್ತಿ ಬೆಲೆಯ ವಸ್ತುವಿನ ಮೇಲೆ ಅನುಮಾನ ಇದ್ದರೆ ಮೊದಲು ಅದನ್ನೇ ಪರೀಕ್ಷೆ ಮಾಡುವುದು ನನ್ನ ರೂಢಿ. ಮೀಟರ್ ಸರಿ ಇದೆಯೋ ಇಲ್ಲವೋ ಅಂತ ನೋಡಲು ಹೊಸ ಮೀಟರ್ ಬೇಕಿಲ್ಲ. ಈ ಬಗೆಯ ಸೆನ್ಸರ್ ಮಾಡುವ ಕೆಲಸ ಸಿಗ್ನಲ್ ವೈರನ್ನು ಅರ್ತ್‌ಗೆ ಮುಟ್ಟಿಸಿ ಬಿಡುವುದು ಮಾತ್ರ. ಆ ಕೆಲಸವನ್ನು ನಾವೇ ಮಾಡಬಹುದು.

ಸೆನ್ಸರ್ ಕಪ್ಲರ್ ಬಿಚ್ಚಿದೆ. ಕೀ ಆನ್ ಮಾಡಿ, ಮೀಟರ್ ಕಡೆಯಿಂದ ಬಂದ ಮೂರು ವೈರುಗಳನ್ನು ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿದೆ. ಸಪ್ಲೈ ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇತ್ತು. ಈ ಗಾಡಿಯಲ್ಲಿ 12 ವೋಲ್ಟ್ ಸೆನ್ಸರ್. 5 ವೋಲ್ಟಿನವೂ ಇರುತ್ತವೆ, ಆದ್ದರಿಂದ ನಿಮ್ಮ ಗಾಡಿಯದು ಯಾವುದು ಅಂತ ತಿಳಿಯದೆ ಏನನ್ನೂ ಜೋಡಿಸಬೇಡಿ. ಅರ್ತ್ ಗಟ್ಟಿಯಾಗಿತ್ತು. ಸಿಗ್ನಲ್ ವೈರಿನಲ್ಲೂ ವೋಲ್ಟ್ ತೋರಿಸಿತು. ಇದು ಮೀಟರ್ ಒಳಗಿನಿಂದ ಬರುವುದು, ಸೆನ್ಸರ್ ಇದನ್ನೇ ಕೆಳಗೆ ಎಳೆಯಬೇಕು.

ಆಮೇಲೆ ಒಂದು ಹಳೇ ಅರವನ್ನು ತೆಗೆದುಕೊಂಡೆ. 1 ಕಿಲೋ ಓಮ್ ರೆಸಿಸ್ಟರ್ ಹಾಕಿದ ವೈರಿನಿಂದ ಅದನ್ನು ಅರ್ತ್‌ಗೆ ಸೇರಿಸಿದೆ. ಸಿಗ್ನಲ್ ವೈರಿಗೆ ಜೋಡಿಸಿದ ತಂತಿಯ ತುದಿಯನ್ನು ಅರದ ಹಲ್ಲುಗಳ ಮೇಲೆ ಸರ್ರನೆ ಎಳೆದೆ. ಪ್ರತಿ ಹಲ್ಲಿಗೂ ಒಂದು ಮುಟ್ಟು, ಒಂದು ಬಿಡು. ಗಾಡಿ ನಿಂತ ಜಾಗದಲ್ಲೇ ಮೀಟರ್ 20 ತೋರಿಸಿತು, 45ಕ್ಕೆ ಹಾರಿತು, ಸೊನ್ನೆಗೆ ಬಂತು. ಅಂಕಿ ಅಡ್ಡಾದಿಡ್ಡಿ ಬರುವುದು ಸಹಜ, ಎಳೆತ ಒಂದೇ ಸಮ ಇರುವುದಿಲ್ಲ. ನಮಗೆ ಬೇಕಾದದ್ದು ಮೀಟರ್ ಎಣಿಸುತ್ತದೆಯೇ ಅನ್ನುವುದು. ಎಣಿಸುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಿಗ್ನಲ್ ವೈರಿಗೆ ಯಾವತ್ತೂ ಹೊರಗಿನಿಂದ ಸಪ್ಲೈ ಕೊಡಬಾರದು. ಅರ್ತ್ ಕಡೆಗೆ ಮಾತ್ರ, ಅದೂ ರೆಸಿಸ್ಟರ್ ನಡುವೆ ಇಟ್ಟು. ಇದನ್ನು ಬಿಟ್ಟು ನೇರವಾಗಿ 12 ವೋಲ್ಟ್ ಮುಟ್ಟಿಸಿದರೆ ಸರಿ ಇದ್ದ ಮೀಟರ್ ಆಗ ನಿಜವಾಗಿಯೂ ಹೋಗಬಹುದು.

ಮೀಟರ್ ಸರಿ. ಕಪ್ಲರ್‌ವರೆಗೆ ವೈರಿಂಗ್ ಸರಿ. ಉಳಿದದ್ದು ಕಪ್ಲರಿನಿಂದ ಚಕ್ರದವರೆಗಿನ ಮೂರಡಿ ಜಾಗ, ಅಲ್ಲಿ ಇರುವುದು ಹೊಸ ಸೆನ್ಸರ್. ಸುಲಭದ ದಾರಿ ಕಾಣುತ್ತಲೇ ಇತ್ತು: ಹೊಸ ಸೆನ್ಸರೇ ಡೂಪ್ಲಿಕೇಟ್ ಮಾಲು, ಇನ್ನೊಂದು ಹಾಕಿ. ಆದರೆ ಎರಡು ಸೆನ್ಸರ್ ಒಂದೇ ರೀತಿ ಸತ್ತಿವೆ ಅಂದರೆ ಮೂರನೆಯದನ್ನು ಕೊಳ್ಳುವ ಮೊದಲು ಅವುಗಳನ್ನು ಕೊಲ್ಲುತ್ತಿರುವುದು ಏನು ಅಂತ ಕೇಳಬೇಕಲ್ಲ.

ಬ್ರೇಕ್ ಹಿಡಿದರೆ ಬರುವ ಅಂಕಿ

ಅವನನ್ನು ಕೂರಿಸಿ, ಮೀಟರ್ ಯಾವಾಗ ಸಾಯುತ್ತೆ, ಯಾವಾಗ ಬರುತ್ತೆ ಅಂತ ನಿಧಾನವಾಗಿ ಕೇಳಿದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅಷ್ಟಾಗಿ ತೊಂದರೆ ಇಲ್ಲ ಅಂದ. ಊರೊಳಗೆ ಹಂಪ್ ಹಾರಿದ ಕೂಡಲೇ ಸಾಯುತ್ತೆ. ಸಿಗ್ನಲ್‌ನಲ್ಲಿ ನಿಂತು ಜೋರಾಗಿ ಎಳೆದರೆ ಬರುವುದೇ ಇಲ್ಲ. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದ: “ಅಣ್ಣ, ನಗಬೇಡಿ. ಬ್ರೇಕ್ ಹಿಡಿದ್ರೆ ಮೀಟರ್ ಬರುತ್ತೆ.”

ಇದನ್ನು ಅವನು ಹಿಂದಿನ ಅಂಗಡಿಯಲ್ಲೂ ಹೇಳಿದ್ದ. ಅಲ್ಲಿ ನಕ್ಕಿದ್ದರು. ಇನ್ನೊಬ್ಬರು ಬ್ರೇಕ್ ಸ್ವಿಚ್‌ನ ಅರ್ತ್ ಮೀಟರಿಗೆ ಸೇರಿಕೊಂಡಿರಬೇಕು ಅಂತ ಬ್ರೇಕ್ ಲೈಟ್ ವೈರಿಂಗ್ ಕೆದಕಿದ್ದರು. ಅದು ಪೂರ್ತಿ ಮೂರ್ಖ ಅನುಮಾನವೇನಲ್ಲ. ಹಳೇ ಗಾಡಿಗಳಲ್ಲಿ ಅರ್ತ್ ಸಡಿಲವಾದರೆ ಒಂದು ದೀಪ ಹಾಕಿದರೆ ಇನ್ನೊಂದು ಮಂಕಾಗುವುದನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಬ್ರೇಕ್ ಹಿಡಿದಾಗ ಎರಡು ಕೆಲಸ ಆಗುತ್ತವೆ. ಬ್ರೇಕ್ ಲೈಟ್ ಹತ್ತುತ್ತದೆ. ಗಾಡಿಯ ಮೂತಿಯೂ ಕೆಳಗೆ ಬಾಗುತ್ತದೆ, ಮುಂದಿನ ಶಾಕ್ ಒಳಗೆ ಹೋಗುತ್ತದೆ. ಎಳೆದಾಗ ಮೂತಿ ಏಳುತ್ತದೆ. ಹಂಪ್ ಹಾರಿದಾಗ ಫೋರ್ಕ್, ಅಂದರೆ ಆ ಶಾಕ್ ಇರುವ ಮುಂದಿನ ಕಾಲು, ಒಮ್ಮೆ ಒತ್ತಿ, ಆಮೇಲೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಸೆಂಟರ್ ಸ್ಟ್ಯಾಂಡ್ ಮೇಲೆ ಮುಂದಿನ ಚಕ್ರ ಎತ್ತಿದರೂ ಅಷ್ಟೇ, ಚಕ್ರದ ಭಾರಕ್ಕೆ ಫೋರ್ಕ್ ಪೂರ್ತಿ ಉದ್ದವಾಗಿ ನೇತಾಡುತ್ತದೆ. ಅವನು ಹೇಳಿದ ಎಲ್ಲವೂ, ಹಿಂದಿನ ಅಂಗಡಿಗಳು ನೋಡಿದ್ದೂ ಈ ಒಂದೇ ಸಾಲಿಗೆ ಬಂದು ಕೂತವು: ಫೋರ್ಕ್ ಉದ್ದವಾದಾಗ ಸಾಯುತ್ತೆ, ಗಿಡ್ಡವಾದಾಗ ಬದುಕುತ್ತೆ.

ಅನುಮಾನ ಬಂದರೆ ಸಾಲದು, ಎರಡನ್ನು ಬೇರೆ ಮಾಡಿ ನೋಡಬೇಕು. ಕಪ್ಲರ್ ಮತ್ತೆ ಹಾಕಿ, ಸಿಗ್ನಲ್ ವೈರಿಗೆ ಹಿಂದಿನಿಂದ ಸಣ್ಣ ಪಿನ್ ತೂರಿಸಿ ಮಲ್ಟಿಮೀಟರ್ ಕಟ್ಟಿದೆ. ಅಂಗಡಿ ಹುಡುಗ ಗಾಡಿಯನ್ನು ಓಣಿಯಲ್ಲಿ ನಿಧಾನ ತಳ್ಳಿದ, ನಾನು ಪಕ್ಕದಲ್ಲಿ ನಡೆದೆ. ಸೆನ್ಸರ್ ಜೀವಂತ ಇದ್ದರೆ ಹೀಗೆ ನಿಧಾನ ತಳ್ಳುವಾಗ ಮಲ್ಟಿಮೀಟರಿನ ಅಂಕಿ ಮೇಲೆ ಕೆಳಗೆ ಆಡುತ್ತದೆ. ಜೋರಾಗಿ ತಳ್ಳಿದರೆ ಆಟ ಕಾಣುವುದಿಲ್ಲ, ಸಾಮಾನ್ಯವಾಗಿ ಎರಡರ ನಡುವಿನ ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಅದನ್ನು ನೋಡಿ ಸಿಗ್ನಲ್ ಅರೆಬರೆ ಬರುತ್ತಿದೆ ಅಂತ ತಿಳಿಯುವವರಿದ್ದಾರೆ.

ಹಿಂದಿನ ಬ್ರೇಕ್ ಪೆಡಲ್ ಸ್ವಲ್ಪವೇ ಒತ್ತಿಸಿದೆ, ಲೈಟ್ ಹತ್ತುವಷ್ಟು ಮಾತ್ರ. ಏನೂ ಬದಲಾಗಲಿಲ್ಲ. ಬ್ರೇಕ್ ಬಿಟ್ಟು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿಕೊಂಡು ತಳ್ಳು ಅಂದೆ. ಅಂಕಿ ಆಡಲು ಶುರು. ಹ್ಯಾಂಡಲ್ ಮೇಲಕ್ಕೆ ಎತ್ತಿ ಹಿಡಿದು ತಳ್ಳು ಅಂದೆ. ನಿಂತುಹೋಯಿತು. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿದರೂ ವ್ಯತ್ಯಾಸ ಇಲ್ಲ. ಇದೂ ಒಂದು ಸುಳಿವು. ಹ್ಯಾಂಡಲ್ ತಿರುಗಿಸಿದಾಗ ತೊಂದರೆ ಬಂದರೆ ಸ್ಟೀರಿಂಗ್ ಕುತ್ತಿಗೆ ಹತ್ತಿರದ ದೊಡ್ಡ ವೈರಿಂಗ್ ಕಟ್ಟನ್ನು ನೋಡಬೇಕು. ಇಲ್ಲಿ ಸೆನ್ಸರ್ ಕಪ್ಲರ್ ಇದ್ದದ್ದು ಹೆಡ್‌ಲೈಟ್ ಡೂಮ್ ಒಳಗೆ, ಅದು ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಆ ಮೂರಡಿಯಲ್ಲಿ ಎಳೆತ ಬೀಳುವುದು ಫೋರ್ಕ್ ಆಟದಿಂದ ಮಾತ್ರ.

ಮಾಲೀಕನ ಫೋನಿನಲ್ಲಿ ಇದನ್ನೆಲ್ಲ ವಿಡಿಯೋ ತೆಗೆಸಿದೆ. ಆಫೀಸಿನವರಿಗೆ ತೋರಿಸಲು ಬೇಕಾಗುತ್ತದೆ ಅನ್ನಿಸಿತು.

ಹಬ್ ಹತ್ತಿರ ಕಂಡದ್ದು

ಈಗ ಕೂತು ವೈರ್ ಹಾದುಹೋದ ದಾರಿ ನೋಡಿದೆ. ಬೇಕಾದದ್ದೆಲ್ಲ ಕಣ್ಣ ಮುಂದೆಯೇ ಇತ್ತು.

ಸೆನ್ಸರ್ ಹೌಸಿಂಗ್‌ನ ಹೊರಗೆ ಒಂದು ಖಾಂಚೆ (ಸೀಳು) ಇರುತ್ತದೆ. ಫೋರ್ಕ್ ಕಾಲಿನ ಒಳಮೈಗೆ ಒಂದು ಸಣ್ಣ ಲಗ್ (ಉಬ್ಬು) ಇರುತ್ತದೆ. ಲಗ್ ಖಾಂಚೆಯಲ್ಲಿ ಕೂತರೆ ಹೌಸಿಂಗ್ ತಿರುಗುವುದಿಲ್ಲ, ವೈರ್ ಹೊರಬರುವ ಬಾಯಿ ಸರಿಯಾಗಿ ಮೇಲಕ್ಕೆ ನೋಡುತ್ತದೆ. ಈ ಗಾಡಿಯಲ್ಲಿ ಲಗ್ ಖಾಂಚೆಯ ಹೊರಗೆ ಇತ್ತು. ವೈರ್ ಬಾಯಿ ಮುಂದಕ್ಕೆ, ಕೆಳಕ್ಕೆ ವಾಲಿತ್ತು. ಜೊತೆಗೆ ಫೋರ್ಕ್ ಕಾಲಿನ ಮೇಲೆ ವೈರ್ ಹಿಡಿಯಬೇಕಿದ್ದ ಕ್ಲಿಪ್ ಇರಲಿಲ್ಲ. ವೈರ್ ಹಬ್‌ನಿಂದ ನೇರವಾಗಿ ಮೇಲಿನ ಗೈಡಿಗೆ ಎಳೆದು ಕಟ್ಟಿದ ಹಗ್ಗದ ಹಾಗಿತ್ತು. ಇಂಥ ಗಾಡಿಗಳ ಫೋರ್ಕ್ ನಾಲ್ಕೈದು ಇಂಚು ಆಡುತ್ತದೆ. ಅದಕ್ಕೆಂದು ಬಿಡುವ ಸಡಿಲು ಪೂರ್ತಿ ಹೋಗಿತ್ತು. ಪ್ರತಿ ಹಂಪಿಗೂ ವೈರಿಗೆ ಒಂದು ಜಗ್ಗು.

ಇನ್ಸುಲೇಷನ್ ಮೇಲೆ ಒಂದು ಗೀರೂ ಇಲ್ಲ. ಒಳಗಿನ ತಾಮ್ರದ ಎಳೆಗಳು ತುಂಡಾಗಿ, ಹೊರಗಿನ ಪ್ಲಾಸ್ಟಿಕ್ ಹಿಗ್ಗಿಕೊಂಡು ಉಳಿದಿರುತ್ತದೆ. ಸಡಿಲ ಬಿಟ್ಟರೆ ತುದಿಗಳು ಮುಟ್ಟುತ್ತವೆ, ಜಗ್ಗಿದರೆ ಬಿಡುತ್ತವೆ. ಸೆನ್ಸರ್ ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಕಪ್ಲರ್ ಕಡೆಯಿಂದ ಸುಮ್ನೆ ಕಂಟಿನ್ಯುಟಿ (ವೈರ್ ಕಡಿಯದೆ ಇದೆಯೇ ಅನ್ನುವುದು) ನೋಡಿದರೆ ಏನೂ ತಿಳಿಯುವುದಿಲ್ಲ. ಹಬ್ ಹತ್ತಿರದಲ್ಲಿ ಸಣ್ಣ ಸೂಜಿ ಚುಚ್ಚಿ ನೋಡುವುದೊಂದೇ ದಾರಿ. ವೈರಿಗೆ ಸೂಜಿ ಚುಚ್ಚುವುದು ನನಗೆ ಇಷ್ಟವಿಲ್ಲ, ಆ ತೂತಿನಿಂದ ನೀರು ಒಳಗೆ ಹೋಗುತ್ತೆ. ಆದರೆ ಈ ವೈರಿನ ಆ ಭಾಗವನ್ನು ಹೇಗೂ ಕತ್ತರಿಸುವುದಿತ್ತು.

ಚಕ್ರ ನೆಲದ ಮೇಲಿದ್ದು ಹ್ಯಾಂಡಲ್ ಒತ್ತಿದಾಗ ಹಬ್ ಹತ್ತಿರದ ಅರ್ತ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಸೊನ್ನೆ ವೋಲ್ಟ್ ಅನ್ನಬಹುದಾದಷ್ಟು. ಚಕ್ರ ಎತ್ತಿದ ಕೂಡಲೇ ಅದು ಬ್ಯಾಟರಿ ವೋಲ್ಟೇಜಿನ ಹತ್ತಿರಕ್ಕೆ ಹಾರಿತು. ಅರ್ತ್ ಕಡಿದು ಸೆನ್ಸರ್ ಅತಂತ್ರವಾಗಿತ್ತು. ಸಪ್ಲೈ ಬರುತ್ತಿದೆ, ಸಿಗ್ನಲ್ ವೈರ್ ಸರಿ ಇದೆ, ಆದರೆ ಅರ್ತ್ ಇಲ್ಲದ ಸೆನ್ಸರ್ ಸಿಗ್ನಲನ್ನು ಯಾವುದಕ್ಕೆ ಎಳೆಯಬೇಕು? ಸಿಗ್ನಲ್ ಮೇಲೆಯೇ ನಿಂತಿರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ.

ಇನ್ನು ಒಂದೇ ಪ್ರಶ್ನೆ. ಖಾಂಚೆ ತಪ್ಪಿದ್ದು ಯಾವಾಗ? ತೊಂದರೆ ಶುರುವಾಗುವ ಮೊದಲು ಮುಂದಿನ ಚಕ್ರ ಬಿಚ್ಚಿದ್ದು ಉಂಟಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಹೌದು, ಹೈವೇ ಪಕ್ಕ ಪಂಕ್ಚರ್ ಹಾಕಿಸಿದ್ದೆ ಅಂದ. ರಾತ್ರಿ, ಮಳೆ, ಅವಸರ. ಚಕ್ರ ವಾಪಸ್ ಕೂರಿಸುವಾಗ ಹೌಸಿಂಗ್ ಲಗ್‌ಗೆ ಕೂರಲಿಲ್ಲ, ಎಕ್ಸೆಲ್ ಬಿಗಿಯುವಾಗ ಅದರ ಜೊತೆಗೇ ತಿರುಗಿತು, ಕ್ಲಿಪ್ ಅಲ್ಲೇ ಎಲ್ಲೋ ಬಿತ್ತು. ಪಂಕ್ಚರ್ ಆದ ಕೂಡಲೇ ಮೀಟರ್ ಕೆಟ್ಟಿದ್ದರೆ ಅವನೇ ಹೇಳುತ್ತಿದ್ದ. ತಾಮ್ರದ ಎಳೆಗಳು ಒಂದೊಂದಾಗಿ ಕಡಿಯಲು ವಾರಗಳು ಹಿಡಿದವು. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ.

ಹೊಸ ಸೆನ್ಸರ್ ಯಾಕೆ ಸತ್ತಿತು ಅನ್ನುವುದಕ್ಕೂ ಉತ್ತರ ಇಲ್ಲೇ ಇತ್ತು. ಎರಡನೆಯ ಅಂಗಡಿಯವರು ಹಳೇ ಸೆನ್ಸರ್ ಹೇಗಿತ್ತೋ ಹಾಗೆಯೇ ಹೊಸದನ್ನು ಜೋಡಿಸಿದ್ದರು. ಬಿಚ್ಚುವಾಗ ಇದ್ದ ಹಾಗೆ ಕೂರಿಸಬೇಕು ಅಂತ ನಾವೆಲ್ಲ ಕಲಿತಿದ್ದೇವೆ. ಬಿಚ್ಚುವಾಗಲೇ ತಪ್ಪಾಗಿದ್ದರೆ ಆ ಪಾಠ ತಿರುಗಿ ಹೊಡೆಯುತ್ತದೆ. ಹೊಸ ವೈರ್ ಅದೇ ಜಗ್ಗಿಗೆ ಸಿಕ್ಕಿತು. ಅದೂ ಬೇಗನೇ ಹೋಯಿತು.

ರಿಪೇರಿ

ಸೆನ್ಸರ್ ಹೊಸದು ಕೊಳ್ಳುವುದಾ, ವೈರ್ ಬೆಸೆಯುವುದಾ ಅನ್ನುವುದು ಕಡಿತ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಹೌಸಿಂಗಿನ ಅಚ್ಚಿನ ಒಳಗೇ ಕಡಿದಿದ್ದರೆ ಬೇರೆ ದಾರಿ ಇರಲಿಲ್ಲ. ಇಲ್ಲಿ ವೈರನ್ನು ಸ್ವಲ್ಪ ಸ್ವಲ್ಪ ಜಾಗದಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಾಗ ಒಂದು ಕಡೆ ರಬ್ಬರಿನಂತೆ ಹಿಗ್ಗಿ ತೆಳ್ಳಗಾಯಿತು. ಹಬ್‌ನಿಂದ ಒಂದು ಗೇಣು ಮೇಲೆ. ಬೆಸೆಯಲು ಸಾಕಷ್ಟು ಜಾಗ ಇತ್ತು.

ಮೂರೂ ವೈರುಗಳ ಆ ಭಾಗವನ್ನು ಕತ್ತರಿ ಹಾಕಿ ತೆಗೆದೆ. ಅರ್ತ್ ಒಂದೇ ಕಡಿದಿದ್ದರೂ ಉಳಿದೆರಡೂ ಅದೇ ಜಗ್ಗು ತಿಂದಿದ್ದವು. ಎಳೆ ಜಾಸ್ತಿ ಇರುವ ಮೆತ್ತನೆಯ ವೈರ್ ತುಂಡು ಸೇರಿಸಿದೆ. ಜೋಡಣೆಗಳು ಒಂದೇ ಕಡೆ ಬಾರದಂತೆ ಹಿಂದೆ ಮುಂದೆ ಇಟ್ಟು ಬೆಸುಗೆ ಹಾಕಿ, ಒಳಗೆ ಅಂಟು ಇರುವ ಶ್ರಿಂಕ್ ಟ್ಯೂಬ್ ಏರಿಸಿ ಬಿಸಿ ಮಾಡಿದೆ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಬಾಗುವುದಿಲ್ಲ, ಬಾಗಿಸಿದರೆ ಅದರ ಅಂಚಿನಲ್ಲೇ ಮತ್ತೆ ಕಡಿಯುತ್ತದೆ. ಹಾಗಾಗಿ ಜೋಡಣೆ ಫೋರ್ಕಿನ ಕೆಳಗಿನ ಕಾಲಿನ ಮೇಲೆಯೇ ಬರುವಂತೆ ನೋಡಿಕೊಂಡೆ. ಆ ಕಾಲು ಚಕ್ರದ ಜೊತೆಗೇ ಆಡುವುದರಿಂದ ಅಲ್ಲಿ ವೈರಿಗೆ ಬಾಗುವ ಕೆಲಸ ಇಲ್ಲ. ಬಾಗುವ ಕೆಲಸ ಅದರ ಮೇಲಿನ ಸಡಿಲ ಸುತ್ತಿನದು.

ಚಕ್ರ ಬಿಚ್ಚಿದಾಗ ಹೌಸಿಂಗಿನ ಒಳಗಿನ ಕಿವಿಗಳನ್ನೂ ನೋಡಿದೆ. ಹಬ್‌ನಲ್ಲಿ ಅವಕ್ಕೆ ಜಾಗ ಇರುತ್ತದೆ. ಅದರಲ್ಲಿ ಕೂರಿಸದೆ ಎಕ್ಸೆಲ್ ಬಿಗಿದರೆ ಕಿವಿಗಳು ಮುರಿದು ರಿಂಗ್ ತಿರುಗುವುದೇ ಇಲ್ಲ. ಪಂಕ್ಚರ್ ಆದ ಮೇಲೆ ಮೀಟರ್ ಕೂಡಲೇ ಸತ್ತರೆ ಮೊದಲು ನೋಡಬೇಕಾದದ್ದು ಇದನ್ನು. ಇಲ್ಲಿ ಅವು ಸರಿ ಇದ್ದವು. ಲಗ್ಗನ್ನು ಖಾಂಚೆಯಲ್ಲಿ ಕೂರಿಸಿ, ಹೌಸಿಂಗನ್ನು ಕೈಯಲ್ಲಿ ಹಿಡಿದುಕೊಂಡೇ ಎಕ್ಸೆಲ್ ಬಿಗಿದೆ. ಹೊಸ ಕ್ಲಿಪ್ ಹಾಕಿದೆ. ಫೋರ್ಕ್ ಪೂರ್ತಿ ಉದ್ದವಾದಾಗಲೂ ವೈರಿನಲ್ಲಿ ಸಡಿಲು ಉಳಿಯಬೇಕು, ಪೂರ್ತಿ ಒತ್ತಿದಾಗ ಆ ಸಡಿಲು ಟೈರಿಗೆ ತಾಗಬಾರದು. ಎರಡನ್ನೂ ನೋಡಿ ಗೈಡಿನಲ್ಲಿ ಕಟ್ಟಿದೆ.

ಅವನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ ಹಳೇ ಸೆನ್ಸರನ್ನು ಬೆಂಚ್ ಮೇಲೆ ತೆಗೆದುಕೊಂಡೆ. ಕಡಿದ ಜಾಗದಿಂದ ಕೆಳಗೆ ಕತ್ತರಿಸಿ, ಬ್ಯಾಟರಿಯಿಂದ ಸಪ್ಲೈ ಕೊಟ್ಟು, ಸಿಗ್ನಲ್ ಮತ್ತು ಸಪ್ಲೈ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಇಟ್ಟು ಬೆರಳಲ್ಲಿ ರಿಂಗ್ ತಿರುಗಿಸಿದೆ. ಮಿಡಿತ ಸ್ಪಷ್ಟವಾಗಿ ಬಂತು. ಅಂದರೆ ಮೊದಲಿನ ಸೆನ್ಸರಿಗೂ ಏನೂ ಆಗಿರಲಿಲ್ಲ. ಈಗ ಅದು ಅವನ ಮನೆಯಲ್ಲಿ ಸ್ಪೇರ್ ಆಗಿ ಇದೆ.

ಆಮೇಲೆ

ಚಕ್ರ ಎತ್ತಿ ತಿರುಗಿಸಿದೆವು, ಅಂಕಿ ಬಂತು. ಇಳಿಸಿ, ಫೋರ್ಕ್ ಒತ್ತಿ ಎತ್ತಿ ತಳ್ಳಿದೆವು, ಬಂತು. ಊರೊಳಗಿನ ಹಂಪ್‌ಗಳ ಮೇಲೆ ಹೋಗಿ ಬಂದು, ಅಲ್ಲಿಂದ ಚಿತ್ರದುರ್ಗದ ಕಡೆ ಹೈವೇಗೆ ಹೋಗಿ ಕಿಲೋಮೀಟರ್ ಕಲ್ಲುಗಳ ಜೊತೆ ಓಡೋಮೀಟರ್ ತಾಳೆ ನೋಡಿದ. ಸರಿಯಾಗಿ ಹೊಂದಿತು. ವೇಗ ಮಾತ್ರ ಫೋನಿನ ಜಿಪಿಎಸ್‌ಗಿಂತ ಎರಡು ಮೂರು ಜಾಸ್ತಿ ತೋರಿಸುತ್ತೆ ಅಂತ ಗಾಬರಿಯಾದ. ಸ್ಪೀಡೋಮೀಟರುಗಳನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಮಾಡಿರುತ್ತಾರೆ, ಅದಕ್ಕೆ ಕೈ ಹಾಕುವುದು ಬೇಡ ಅಂದೆ.

ಖರ್ಚು ಮೊದಲ ಸಲ ಸೆನ್ಸರಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಮೀಟರ್ ಬದಲಾಯಿಸಿದ್ದರೆ? ಆ ವೈರ್ ಹಾಗೇ ಇರುತ್ತಿತ್ತು, ಹೊಸ ಮೀಟರೂ ಸೊನ್ನೆಯನ್ನೇ ತೋರಿಸುತ್ತಿತ್ತು.

ಈಗ ಹಬ್ ಸೆನ್ಸರಿನ ಗಾಡಿ ಯಾವುದೇ ಬಂದರೂ ನಾನು ಸ್ಟ್ಯಾಂಡ್ ಮೇಲೆ ಒಮ್ಮೆ, ನೆಲದ ಮೇಲೆ ಒಮ್ಮೆ ನೋಡುತ್ತೇನೆ. ಎರಡರ ಫಲಿತಾಂಶ ಬೇರೆ ಬಂದರೆ ಸೆನ್ಸರ್ ಬಿಟ್ಟು ವೈರ್ ಹಿಡಿಯುತ್ತೇನೆ. ಮುಂದಿನ ಚಕ್ರ ಕೊನೆಗೆ ಯಾವಾಗ ಬಿಚ್ಚಿದ್ದು ಅಂತಲೂ ಕೇಳುತ್ತೇನೆ, ನಿನ್ನೆ ಮೊನ್ನೆಯದಷ್ಟೇ ಅಲ್ಲ, ಎರಡು ಮೂರು ತಿಂಗಳ ಹಿಂದಿನದನ್ನೂ. ಓಡಿಸುವವರು ಹೇಳಿದ ಲಕ್ಷಣ ಎಷ್ಟು ವಿಚಿತ್ರ ಇದ್ದರೂ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ಈ ಗಾಡಿಯ ರೋಗವನ್ನು ಮೊದಲು ಹೇಳಿದ್ದು ಅದರ ಮಾಲೀಕ, ಅದೂ ಮೆಕ್ಯಾನಿಕ್ಕುಗಳಿಗಿಂತ ಎಷ್ಟೋ ಮುಂಚೆ.

ಆಫೀಸಿನ ವಿಷಯ ಅರ್ಧ ಬಗೆಹರಿಯಿತು. ವಿಡಿಯೋ, ಕಡಿದ ವೈರ್ ತುಂಡು, ರಿಪೇರಿ ಚೀಟಿ ಎಲ್ಲ ತೋರಿಸಿದ. ಬಾಕಿ ಇದ್ದ ತಿಂಗಳಿಗೆ ಮ್ಯಾಪ್‌ನ ದೂರದ ಮೇಲೆ ಭತ್ಯೆ ಕೊಟ್ಟರು. ಅದಕ್ಕೂ ಹಿಂದಿನದನ್ನು ಲೆಕ್ಕ ಮುಗಿದಿದೆ ಅಂತ ತೆಗೆಯಲಿಲ್ಲ. ಹಳ್ಳಿಗೆ ಹೋಗಿಲ್ಲ ಅನ್ನುವ ಮಾತು ಮಾತ್ರ ಅಲ್ಲಿಗೆ ನಿಂತುಹೋಯಿತು.

ಓಡೋಮೀಟರಿನಲ್ಲಿ ತಪ್ಪಿಹೋದ ಕಿಲೋಮೀಟರುಗಳು ವಾಪಸ್ ಬರುವುದಿಲ್ಲ. ಗಾಡಿ ನಿಜವಾಗಿ ಓಡಿದ್ದು ಮೀಟರ್ ತೋರಿಸುವುದಕ್ಕಿಂತ ಜಾಸ್ತಿ. ಎಂಜಿನ್ ಆಯಿಲ್, ಚೈನ್, ಬ್ರೇಕ್ ಪ್ಯಾಡ್ ಎಲ್ಲ ಸವೆದಿರುವುದು ನಿಜವಾದ ಓಟಕ್ಕೆ. ಅದಕ್ಕೆ ಆಯಿಲನ್ನು ಅಂಕಿಗೆ ಕಾಯದೆ ಒಂದು ಸಲ ಮುಂಚೆಯೇ ಬದಲಾಯಿಸಿದೆವು. ರಿಪೇರಿ ಆದ ತಾರೀಖು, ಆ ದಿನದ ಓಡೋಮೀಟರ್ ಅಂಕಿ, ಅಂದಾಜು ಎಷ್ಟು ಕಡಿಮೆ ತೋರಿಸುತ್ತಿದೆ ಅನ್ನುವುದನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವರಿಗೆ ಆ ಪುಟ ತೋರಿಸಬೇಕಾಗುತ್ತದೆ.